ಬಾಡಿಗೆ ಮನೆ ನೋಡಲು ಟೇಪು, ಬಕೆಟ್ಟು, ಗಡಿಯಾರ

ಏಪ್ರಿಲ್ ತಿಂಗಳು ಬಂತೆಂದರೆ ಬೆಂಗಳೂರಿನ ಬಡಾವಣೆಗಳ ಗೇಟುಗಳಲ್ಲಿ ‘ಮನೆ ಬಾಡಿಗೆಗೆ ಇದೆ’ ಎಂಬ ಬೋರ್ಡುಗಳು ತೂಗಾಡತೊಡಗುತ್ತವೆ. ಪರೀಕ್ಷೆಗಳು ಮುಗಿದಿರುತ್ತವೆ. ವರ್ಗಾವಣೆಯಾದವರು, ಮಕ್ಕಳನ್ನು ಪಿಯುಸಿಗೆ ಸೇರಿಸಬೇಕಾದವರು ಊರಿನಿಂದ ಬಂದು, ನೆಂಟರ ಮನೆಯಲ್ಲಿ ಎರಡು ದಿನ ಉಳಿದು, ಬಿಸಿಲಿನಲ್ಲಿ ಬೀದಿ ಬೀದಿ ಅಲೆಯುತ್ತಾರೆ. ಮೂರನೆಯ ದಿನ ಸಂಜೆ ಸುಸ್ತಾಗಿ ‘ಇದೇ ಇರಲಿ ಬಿಡಿ’ ಎಂದು ಒಂದು ಮನೆಗೆ ಅಡ್ವಾನ್ಸ್ ಕೊಟ್ಟು ಬಸ್ಸು ಹತ್ತುತ್ತಾರೆ.

ಒಂದು ಸೀರೆ ಕೊಳ್ಳಲು ಎರಡು ಗಂಟೆ ತೆಗೆದುಕೊಳ್ಳುವ ಕುಟುಂಬ, ಎರಡು ಲಕ್ಷ ರೂಪಾಯಿ ಅಡ್ವಾನ್ಸ್ ಕೊಟ್ಟು ಎರಡು ವರ್ಷ ಬಾಳಬೇಕಾದ ಮನೆಯನ್ನು ನೋಡುವುದು ಎಷ್ಟು ಹೊತ್ತು? ಹೆಚ್ಚೆಂದರೆ ಇಪ್ಪತ್ತು ನಿಮಿಷ. ಆ ಇಪ್ಪತ್ತು ನಿಮಿಷದಲ್ಲಿ ಕಾಣುವುದು ಹೊಸ ಬಣ್ಣ, ಹೊಳೆಯುವ ನೆಲ, ಅಡಿಗೆ ಮನೆಯ ಕಪಾಟು. ಕಾಣದೇ ಉಳಿಯುವುದು ನೀರು, ಗಾಳಿ, ಬಿಸಿಲು, ಸದ್ದು, ವಿದ್ಯುತ್ತು. ಮನೆಯಲ್ಲಿ ಬಾಳುವುದು ಇವುಗಳ ಜೊತೆಯಲ್ಲೇ.

ಇವೆಲ್ಲವನ್ನೂ ಅಳೆಯಬಹುದು. ಅಳೆಯಲು ಎಂಜಿನಿಯರೇ ಬೇಕೆಂದಿಲ್ಲ. ಹತ್ತನೆಯ ತರಗತಿಯ ವಿಜ್ಞಾನ, ಗಣಿತ ಓದಿದ ಹುಡುಗಿಯೋ ಹುಡುಗನೋ ಮನೆಯಲ್ಲಿದ್ದರೆ ಸಾಕು. ಮನೆ ನೋಡಲು ಮಕ್ಕಳನ್ನೇಕೆ ಕರೆದೊಯ್ಯಬೇಕು ಎಂದು ಕೇಳುವ ತಂದೆ ತಾಯಿಗಳು ಈ ಮಾತನ್ನು ಸ್ವಲ್ಪ ಯೋಚಿಸಬೇಕು. ಆ ಮನೆಯಲ್ಲಿ ದಿನಕ್ಕೆ ನಾಲ್ಕೈದು ಗಂಟೆ ಕುಳಿತು ಓದಬೇಕಾದವರು ಅವರೇ.

ಉದಾಹರಣೆಗೆ ಚನ್ನರಾಯಪಟ್ಟಣದಂಥ ಒಂದು ಊರಿನಿಂದ ಬೆಂಗಳೂರಿಗೆ ಬರುವ ಕುಟುಂಬವೊಂದನ್ನು ಊಹಿಸಿಕೊಳ್ಳೋಣ. ತಂದೆ, ತಾಯಿ, ಎಸ್ಸೆಸ್ಸೆಲ್ಸಿ ಮುಗಿಸಿದ ಮಗಳು, ಏಳನೆಯ ತರಗತಿಯ ಮಗ. ಮಗಳ ಕಾಲೇಜು ವಿಜಯನಗರದಲ್ಲಿ. ಎರಡು ಬೆಡ್‌ರೂಮಿನ ಎರಡು ಮನೆಗಳು ಅವರ ಕಣ್ಣಿಗೆ ಬಿದ್ದಿವೆ. ಮೊದಲನೆಯದು ನಾಗರಬಾವಿ ಕಡೆ, ಅಪಾರ್ಟ್‌ಮೆಂಟಿನ ಮೂರನೆಯ ಹಾಗೂ ಕೊನೆಯ ಮಹಡಿ. ಬಾಡಿಗೆ 22,000 ರೂಪಾಯಿ. ಎರಡನೆಯದು ವಿಜಯನಗರದಲ್ಲೇ, ಬಸ್ಸು ಓಡಾಡುವ ರಸ್ತೆಯಲ್ಲಿ, ಹಳೆಯ ಕಟ್ಟಡದ ಮೊದಲ ಮಹಡಿ. ಬಾಡಿಗೆ 24,000. ಅಂಕಿಗಳೆಲ್ಲ ಲೆಕ್ಕಕ್ಕಾಗಿ ಹಿಡಿದವು. ನಿಮ್ಮ ಅಂಕಿಗಳನ್ನು ಅದೇ ಜಾಗದಲ್ಲಿ ಹಾಕಿಕೊಳ್ಳಿ.

ತಂದೆಯ ಮನಸ್ಸು ಆಗಲೇ ಮೊದಲ ಮನೆಗೆ ವಾಲಿದೆ. ತಿಂಗಳಿಗೆ ಎರಡು ಸಾವಿರ ಉಳಿಯುತ್ತದಲ್ಲ! ಮಗಳ ಕೈಯಲ್ಲಿ ಒಂದು ನೋಟ್‌ಬುಕ್ಕು, ಟೇಪು, ಅಳತೆಯ ಗೆರೆಗಳಿರುವ ಬಕೆಟ್ಟು, ಒಂದು ಗಡಿಯಾರ.

ಚದರಡಿಯ ಮರ್ಮ

ಮೊದಲ ಮನೆ ‘1100 ಚದರಡಿ’ ಎನ್ನುತ್ತಾನೆ ಬ್ರೋಕರ್. ಎರಡನೆಯದು ಸಾವಿರ. ಚದರಡಿಗೆ ಲೆಕ್ಕ ಹಾಕಿದರೆ ಮೊದಲನೆಯದಕ್ಕೆ 20 ರೂಪಾಯಿ, ಎರಡನೆಯದಕ್ಕೆ 24. ಮೊದಲನೆಯದೇ ಅಗ್ಗ ಎಂದು ಯಾರಿಗಾದರೂ ಅನ್ನಿಸಬೇಕು.

ಆದರೆ ಅಪಾರ್ಟ್‌ಮೆಂಟಿನ ಅಳತೆಯಲ್ಲಿ ಮೆಟ್ಟಿಲು, ಲಿಫ್ಟು, ಕಾರಿಡಾರುಗಳ ಪಾಲೂ ಸೇರಿರುತ್ತದೆ. ಇದಕ್ಕೆ ‘ಸೂಪರ್ ಬಿಲ್ಟ್ ಅಪ್’ ಎಂದು ಹೆಸರು. ಮೆಟ್ಟಿಲ ಮೇಲೆ ಯಾರೂ ಮಂಚ ಹಾಕುವುದಿಲ್ಲ. ನಮಗೆ ಬೇಕಾದದ್ದು ಗೋಡೆಗಳ ಒಳಗೆ ಬಳಸಲು ಸಿಗುವ ನೆಲ, ಅಂದರೆ ಕಾರ್ಪೆಟ್ ಏರಿಯಾ. ಮನೆಗಳ ಮಾರಾಟದಲ್ಲಿ ಈ ಅಳತೆಯನ್ನೇ ಹೇಳಬೇಕೆಂದು 2016ರ ರೇರಾ ಕಾಯಿದೆ ಕಡ್ಡಾಯ ಮಾಡಿದೆ. ಬಾಡಿಗೆಯ ಬೋರ್ಡುಗಳಿಗೆ ಆ ಶಿಸ್ತು ಇನ್ನೂ ಬಂದಿಲ್ಲ.

ಅಕ್ಕ ತಮ್ಮ ಇಬ್ಬರೂ ಟೇಪು ಹಿಡಿದು ಒಂದೊಂದೇ ಕೋಣೆ ಅಳೆದು ಕೂಡಿಸುತ್ತಾರೆ. ಮೊದಲ ಮನೆ 800 ಚದರಡಿ, ಎರಡನೆಯದು 820 ಎಂದು ಬಂತೆನ್ನೋಣ. ಈಗ ಚದರಡಿಗೆ ಮೊದಲನೆಯದು 27 ರೂಪಾಯಿ 50 ಪೈಸೆ, ಎರಡನೆಯದು 29 ರೂಪಾಯಿ ಚಿಲ್ಲರೆ. ನಾಲ್ಕು ರೂಪಾಯಿಯ ಅಂತರ ಎರಡಕ್ಕಿಂತ ಕಡಿಮೆಗೆ ಇಳಿಯಿತು.

ಟೇಪು ಕೈಯಲ್ಲಿರುವಾಗಲೇ ಇನ್ನೊಂದು ಕೆಲಸ ಮಾಡಬಹುದು. ಮಂಚ, ಬೀರು, ಓದುವ ಮೇಜು ಇವುಗಳ ಅಳತೆಯನ್ನು ಊರಿನಲ್ಲೇ ಬರೆದುಕೊಂಡು ಬನ್ನಿ. ಎರಡು ಬೆಡ್‌ರೂಮುಗಳಲ್ಲಿ ಚಿಕ್ಕದಕ್ಕೆ ಒಂದು ಮಂಚ ಹಾಕಿದರೆ ಮೇಜಿಗೆ ಜಾಗ ಉಳಿಯುತ್ತದೆಯೇ? ಬಾಗಿಲು ಪೂರ್ತಿ ತೆರೆಯುತ್ತದೆಯೇ? ಖಾಲಿ ಕೋಣೆ ಕಣ್ಣಿಗೆ ಮೋಸ ಮಾಡುತ್ತದೆ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ವಾಸದ ಕೋಣೆ 9.5 ಚದರ ಮೀಟರಿಗಿಂತ ಚಿಕ್ಕದಿರಬಾರದು; ಎರಡು ಕೋಣೆಗಳಿದ್ದಲ್ಲಿ ಒಂದು 7.5ರವರೆಗೆ ಇರಬಹುದು. ಒಂದು ಚದರ ಮೀಟರೆಂದರೆ 10.76 ಚದರಡಿ. ಗುಣಿಸಿ ನೋಡುವ ಕೆಲಸ ಮಕ್ಕಳದು.

ನೀರಿನ ಪರೀಕ್ಷೆ

‘ನೀರಿಗೆ ಏನೂ ತೊಂದರೆ ಇಲ್ಲ ಸಾರ್, ಇಪ್ಪತ್ತನಾಲ್ಕು ಗಂಟೆ ಬರುತ್ತೆ’ ಎನ್ನುವ ಮಾತನ್ನು ಬೆಂಗಳೂರಿನಲ್ಲಿ ಕೇಳದ ಬಾಡಿಗೆದಾರರಿಲ್ಲ. ಆಗ ಮನೆಯ ತಾಯಿ ಕೇಳಬೇಕಾದ ಪ್ರಶ್ನೆ ಒಂದೇ: ‘ಕಾವೇರಿ ನೀರೋ, ಬೋರ್ ನೀರೋ ಸಾರ್? ಎರಡೂ ಇದ್ದರೆ ಒಂದೇ ಸಂಪಿಗೆ ಬೀಳುತ್ತಾ?’

ಕಾವೇರಿ ನೀರು ಸುಲಭವಾಗಿ ಬರುವುದಲ್ಲ. ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಅದನ್ನು ಪಂಪು ಮಾಡಿ ತರಬೇಕು. ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬುದು ನಗರಗಳಿಗೆ ಹಾಕಿಕೊಂಡ ಲೆಕ್ಕ. ನಾಲ್ವರಿಗೆ 540 ಲೀಟರ್. ಅಷ್ಟು ನೀರನ್ನು 500 ಮೀಟರ್ ಎತ್ತಲು ಬೇಕಾದ ಶಕ್ತಿ ಎಷ್ಟು? ದ್ರವ್ಯರಾಶಿ, ಗುರುತ್ವ, ಎತ್ತರ ಮೂರನ್ನೂ ಗುಣಿಸಿ. 540ನ್ನು 9.8ರಿಂದ, ಆಮೇಲೆ 500ರಿಂದ ಗುಣಿಸಿದರೆ ಸುಮಾರು 26 ಲಕ್ಷ 46 ಸಾವಿರ ಜೂಲ್. ಒಂದು ಯೂನಿಟ್ ವಿದ್ಯುತ್ತೆಂದರೆ 36 ಲಕ್ಷ ಜೂಲ್. ಅಂದರೆ ಒಂದು ಸಣ್ಣ ಕುಟುಂಬದ ಒಂದು ದಿನದ ನೀರನ್ನು ನಗರಕ್ಕೆ ಏರಿಸಲು ಕಡಿಮೆಯೆಂದರೂ ಮುಕ್ಕಾಲು ಯೂನಿಟ್ ವಿದ್ಯುತ್ ಬೇಕು. ಪಂಪು, ಕೊಳವೆಗಳಲ್ಲಿ ಆಗುವ ನಷ್ಟ ಬೇರೆ. ಹಲ್ಲುಜ್ಜುವಾಗ ನಲ್ಲಿ ನಿಲ್ಲಿಸಿ ಎಂದು ತಾಯಂದಿರು ಗದರಿಸುವುದರಲ್ಲಿ ಅರ್ಥವಿದೆ.

ಕಾವೇರಿ ಸಾಲದ ಕಡೆ ಬೋರ್‌ವೆಲ್, ಅದೂ ಬತ್ತಿದರೆ ಟ್ಯಾಂಕರು. 2024ರ ಬೇಸಿಗೆಯಲ್ಲಿ ನಗರದ ಎಷ್ಟೋ ಬೋರ್‌ವೆಲ್‌ಗಳು ಕೈಕೊಟ್ಟು, ಟ್ಯಾಂಕರು ನೀರಿಗೆ ಜಿಲ್ಲಾಡಳಿತವೇ ದರ ಗೊತ್ತುಪಡಿಸಬೇಕಾಯಿತು. ಆದ್ದರಿಂದ ‘2024ರ ಮಾರ್ಚಿಯಲ್ಲಿ ಈ ಕಟ್ಟಡಕ್ಕೆ ಎಷ್ಟು ಟ್ಯಾಂಕರು ಬಂತು? ಅದರ ದುಡ್ಡು ಯಾರು ಕೊಟ್ಟರು?’ ಎಂದು ಕೇಳಿ. ಮನೆಯವರು ನೆನಪಿಲ್ಲ ಎಂದರೆ ಬೀದಿಯ ಕೊನೆಯ ಇಸ್ತ್ರಿ ಅಂಗಡಿಯವರಿಗೆ ನೆನಪಿರುತ್ತದೆ.

ಇನ್ನು ಬಕೆಟ್ಟಿನ ಕೆಲಸ. ಅಡಿಗೆ ಮನೆಯ ನಲ್ಲಿಯನ್ನು ಪೂರ್ತಿ ತಿರುಗಿಸಿ, 10 ಲೀಟರ್ ತುಂಬಲು ಎಷ್ಟು ಹೊತ್ತು ಎಂದು ನೋಡಬೇಕು. ತಾರಸಿಯ ಟ್ಯಾಂಕಿನಿಂದ ನಲ್ಲಿ ಎಷ್ಟು ಕೆಳಗಿದೆಯೋ ಅಷ್ಟು ಒತ್ತಡ. ಪ್ರತಿ 10 ಮೀಟರಿಗೆ ಒಂದು ಚದರ ಸೆಂಟಿಮೀಟರಿನ ಮೇಲೆ ಸುಮಾರು ಒಂದು ಕಿಲೋಗ್ರಾಮ್ ಭಾರ. ಮೊದಲ ಮನೆ ಕೊನೆಯ ಮಹಡಿಯದು. ಟ್ಯಾಂಕಿನ ನೀರಿನ ಮಟ್ಟದಿಂದ ನಲ್ಲಿ ನಾಲ್ಕು ಮೀಟರ್ ಕೆಳಗಿದೆ ಎನ್ನಿ. ಎರಡನೆಯ ಮನೆಯಲ್ಲಿ ಹತ್ತು ಮೀಟರ್. ಒತ್ತಡ ಎರಡೂವರೆ ಪಟ್ಟು ಹೆಚ್ಚು. ಆದರೆ ನೀರು ಎರಡೂವರೆ ಪಟ್ಟು ವೇಗವಾಗಿ ಬರುವುದಿಲ್ಲ. ಟಾರಿಸೆಲಿ ಎಂಬ ಇಟಲಿಯ ವಿಜ್ಞಾನಿ 17ನೆಯ ಶತಮಾನದಲ್ಲೇ ತೋರಿಸಿದಂತೆ ವೇಗ ಹೆಚ್ಚುವುದು ಎತ್ತರದ ವರ್ಗಮೂಲದಂತೆ. ಎರಡೂವರೆಯ ವರ್ಗಮೂಲ ಸುಮಾರು 1.6. ಎರಡನೆಯ ಮನೆಯಲ್ಲಿ ಒಂದು ನಿಮಿಷಕ್ಕೆ ತುಂಬಿದ ಬಕೆಟ್ಟು ಮೊದಲ ಮನೆಯಲ್ಲಿ ಒಂದೂವರೆ ನಿಮಿಷ ಚಿಲ್ಲರೆ ತೆಗೆದುಕೊಂಡರೆ ಅದು ಮಹಡಿಯ ತಪ್ಪು, ಕ್ಷಮಿಸಬಹುದು. ನಾಲ್ಕು ನಿಮಿಷ ತೆಗೆದುಕೊಂಡರೆ ಕೊಳವೆಯೊಳಗೆ ಸುಣ್ಣ ಕಟ್ಟಿದೆಯೋ, ವಾಲ್ವು ಅರ್ಧ ಮುಚ್ಚಿದೆಯೋ ನೋಡಿಸಬೇಕು.

ಸುಣ್ಣದ ಮಾತು ಬಂದದ್ದರಿಂದ ಗಡಸು ನೀರಿನ ಪರೀಕ್ಷೆಯನ್ನೂ ಮಾಡಿಬಿಡಿ. ಸಣ್ಣ ಬಾಟಲಿಯಲ್ಲಿ ಅರ್ಧ ನೀರು ಹಿಡಿದು, ಸಾಬೂನಿನ ಕೆಲವು ಚೂರು ಹಾಕಿ ಚೆನ್ನಾಗಿ ಕುಲುಕಿ. ಇನ್ನೊಂದು ಬಾಟಲಿಯಲ್ಲಿ ಮಳೆ ನೀರನ್ನೋ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರನ್ನೋ ಹಾಕಿ ಅಷ್ಟೇ ಸಾಬೂನು, ಅಷ್ಟೇ ಕುಲುಕು. ಗಡಸು ನೀರಿನಲ್ಲಿ ನೊರೆ ಕಡಿಮೆ, ಮೇಲೆ ಬಿಳಿಯ ಕೆನೆಯಂಥ ಪದರ. ಬಟ್ಟೆ ಒಗೆಯುವ ಪುಡಿ ಬಳಸಬೇಡಿ. ಅದು ಡಿಟರ್ಜೆಂಟ್, ಗಡಸು ನೀರಿನಲ್ಲೂ ನೊರೆ ಕೊಡುತ್ತದೆ. ಕುಡಿಯುವ ನೀರಿನ ಒಟ್ಟು ಗಡಸುತನ ಲೀಟರಿಗೆ 200 ಮಿಲಿಗ್ರಾಮಿನೊಳಗೆ ಇರಬೇಕೆಂದೂ, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಸಹಿಸಬಹುದೆಂದೂ ಭಾರತೀಯ ಮಾನಕ ಹೇಳುತ್ತದೆ. ಸಾಬೂನಿನ ಪರೀಕ್ಷೆ ಈ ಅಂಕಿಯನ್ನು ಕೊಡುವುದಿಲ್ಲ, ಆದರೆ ಎರಡು ಮನೆಗಳಲ್ಲಿ ಯಾವುದರ ನೀರು ಹೆಚ್ಚು ಗಡಸು ಎಂದು ತೋರಿಸುತ್ತದೆ. ನಲ್ಲಿಯ ಬಾಯಿಯಲ್ಲಿ, ಬಚ್ಚಲ ಟೈಲಿನ ಮೇಲೆ ಬಿಳಿ ಕಲೆ ಕಟ್ಟಿದ್ದರೆ ಬಾಟಲಿಯೂ ಬೇಡ.

ಬಿಸಿಲಿನ ಲೆಕ್ಕ

ಮನೆ ನೋಡುವವರು ಸಾಮಾನ್ಯವಾಗಿ ಹೋಗುವುದು ಭಾನುವಾರ ಬೆಳಿಗ್ಗೆ. ಆಗ ಎಲ್ಲ ಮನೆಗಳೂ ತಂಪು. ಮನೆಯ ನಿಜವಾದ ಗುಣ ಗೊತ್ತಾಗುವುದು ವಾರದ ದಿನ ಸಂಜೆ ನಾಲ್ಕೂವರೆಗೆ, ಮಕ್ಕಳು ಕಾಲೇಜಿನಿಂದ ಬಂದು ಪುಸ್ತಕ ತೆರೆಯುವ ಹೊತ್ತಿಗೆ.

ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ 22ರ ಸುಮಾರಿಗೆ ನಡುಮಧ್ಯಾಹ್ನದ ಸೂರ್ಯ ದಕ್ಷಿಣದಲ್ಲಿ ಸುಮಾರು 53 ಡಿಗ್ರಿ ಎತ್ತರದಲ್ಲಿರುತ್ತಾನೆ. ಏಪ್ರಿಲ್ ಕೊನೆಯ ವಾರದಲ್ಲಿ ನೆತ್ತಿಯ ಮೇಲೆ ಬರುತ್ತಾನೆ. ಅದೇ ಏಪ್ರಿಲ್ಲಿನ ಸಂಜೆ ನಾಲ್ಕೂವರೆಗೆ ಪಶ್ಚಿಮದಲ್ಲಿ ಸುಮಾರು 30 ಡಿಗ್ರಿಗೆ ಇಳಿದಿರುತ್ತಾನೆ.

ಕಿಟಕಿಯ ಮೇಲಿನ ಸಜ್ಜ 60 ಸೆಂಟಿಮೀಟರ್ ಹೊರಚಾಚಿದೆ ಎನ್ನಿ. ಕಿಟಕಿಯ ಎತ್ತರ 120 ಸೆಂಟಿಮೀಟರ್. ಸಜ್ಜದ ನೆರಳು ಎಷ್ಟು ಕೆಳಗೆ ಬೀಳುತ್ತದೆ ಎಂಬುದು ತ್ರಿಕೋನಮಿತಿಯ ಸರಳ ಪ್ರಶ್ನೆ. ಪಶ್ಚಿಮದ ಕಿಟಕಿಗೆ 60ನ್ನು ಟ್ಯಾನ್ 30ರಿಂದ ಗುಣಿಸಿದರೆ ಸುಮಾರು 35 ಸೆಂಟಿಮೀಟರ್. ಉಳಿದ 85 ಸೆಂಟಿಮೀಟರಿನಲ್ಲಿ ಬಿಸಿಲು ನೇರವಾಗಿ ಒಳಕ್ಕೆ. ದಕ್ಷಿಣದ ಕಿಟಕಿಗೆ ಡಿಸೆಂಬರಿನ ಮಧ್ಯಾಹ್ನದಲ್ಲಿ ಇದೇ ಸಜ್ಜ 80 ಸೆಂಟಿಮೀಟರ್ ನೆರಳು ಕೊಡುತ್ತದೆ. ಬಿಸಿಲು ಇಳಿದಷ್ಟೂ ಸಜ್ಜ ಸೋಲುತ್ತದೆ. ಪಶ್ಚಿಮದ ಕಿಟಕಿಯ ಹತ್ತಿರ ಓದುವ ಮೇಜು ಹಾಕಿದರೆ ಮಾರ್ಚಿಯಲ್ಲಿ, ಅಂದರೆ ಪರೀಕ್ಷೆಯ ತಿಂಗಳಲ್ಲಿ, ಆ ಮೇಜು ಸಂಜೆಯ ಹೊತ್ತು ಖಾಲಿ ಬೀಳುತ್ತದೆ. ಮೊದಲ ಮನೆಯ ಮಕ್ಕಳ ಕೋಣೆಗೆ ಇರುವುದು ಇದೊಂದೇ ಕಿಟಕಿ.

ದಿಕ್ಕು ನೋಡಲು ಫೋನಿನ ದಿಕ್ಸೂಚಿ ಬಳಸುವವರು ಒಂದು ಎಚ್ಚರ ವಹಿಸಬೇಕು. ಕಿಟಕಿಯ ಕಬ್ಬಿಣದ ಸರಳು, ಕಂಬದೊಳಗಿನ ಕಬ್ಬಿಣ ಎರಡೂ ಅದನ್ನು ದಾರಿ ತಪ್ಪಿಸುತ್ತವೆ. ಬೀದಿಯ ನಡುವೆಯೋ ತಾರಸಿಯ ನಡುವೆಯೋ ನಿಂತು ನೋಡಿ.

ಕೊನೆಯ ಮಹಡಿಗೆ ಇನ್ನೊಂದು ತೊಡಕು. ತಾರಸಿಯ ಕಾಂಕ್ರೀಟು ಹಗಲೆಲ್ಲ ಕಾದು, ಆ ಬಿಸಿಯನ್ನು ಕೆಲವು ಗಂಟೆ ತಡವಾಗಿ ಕೆಳಗೆ ಬಿಡುತ್ತದೆ. ಹೊರಗೆ ತಂಗಾಳಿ ಬೀಸುತ್ತಿದ್ದರೂ ಒಳಗೆ ರಾತ್ರಿ ಒಂಬತ್ತಕ್ಕೆ ಸೆಕೆ. ತಾರಸಿಗೆ ಬಿಸಿಲನ್ನು ಹಿಂದಕ್ಕೆ ಕಳಿಸುವ ಬಿಳಿ ಬಣ್ಣ ಬಳಿದರೆ ಇದು ತಕ್ಕಮಟ್ಟಿಗೆ ಕಡಿಮೆಯಾಗುತ್ತದೆ. ಎದುರುಬದುರು ಕಿಟಕಿಗಳಿದ್ದರೆ ಗಾಳಿ ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಟು ಬಿಸಿಯನ್ನು ಒಯ್ಯುತ್ತದೆ. ಒಂದೇ ಗೋಡೆಯಲ್ಲಿ ಎರಡು ಕಿಟಕಿ ಇದ್ದರೆ ಅಷ್ಟು ಪ್ರಯೋಜನವಿಲ್ಲ. ಒಂದು ಊದುಬತ್ತಿ ಹಚ್ಚಿ, ಹೊಗೆ ಎತ್ತ ಸಾಗುತ್ತದೆ ನೋಡಿ. ದೇವರ ಕೋಣೆಯ ಊದುಬತ್ತಿಗೆ ಇದೊಂದು ಹೊಸ ಉಪಯೋಗ.

ಬೇಸಿಗೆಯಲ್ಲಿ ಮನೆ ನೋಡುವವರಿಗೆ ಮಳೆಗಾಲದ ಮನೆ ಕಾಣುವುದಿಲ್ಲ. ಗೋಡೆಯ ಬುಡದಲ್ಲಿ ಬಣ್ಣ ಉಬ್ಬಿ ಬಿಳಿ ಪುಡಿ ಉದುರುತ್ತಿದ್ದರೆ ಅದು ತೇವದ ಗುರುತು. ಗೋಡೆಯೊಳಗಿನ ಲವಣ ನೀರಿನಲ್ಲಿ ಕರಗಿ ಹೊರಗೆ ಬಂದು, ನೀರು ಆವಿಯಾದ ಮೇಲೆ ಅಲ್ಲೇ ಉಳಿದದ್ದು. ಹೊಸ ಬಣ್ಣ ಬಳಿದಿದ್ದರೆ ಅಟ್ಟದ ಒಳಗೆ, ಕಪಾಟಿನ ಹಿಂದೆ, ಬಚ್ಚಲಿನ ಆಚೆ ಬದಿಯ ಗೋಡೆಯಲ್ಲಿ ಬೂಷ್ಟಿನ ವಾಸನೆ ಇದೆಯೇ ನೋಡಬೇಕು. ಅಲ್ಲಿಗೆ ಬಣ್ಣದವರ ಕುಂಚ ಹೋಗಿರುವುದಿಲ್ಲ.

ಬೀದಿಯನ್ನೂ ನೋಡಬೇಕು. ಬೆಂಗಳೂರು ದಿಣ್ಣೆ, ತಗ್ಗುಗಳ ಊರು. ತಗ್ಗುಗಳಲ್ಲಿ ಕೆರೆಗಳಿದ್ದವು. ಮೆಜೆಸ್ಟಿಕ್ಕಿನ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯ ಅಂಗಳದಲ್ಲಿ. ಕೆರೆ ಹೋದರೂ ಇಳಿಜಾರು ಹೋಗುವುದಿಲ್ಲ. ಮಳೆ ನೀರು ಹಳೆಯ ದಾರಿಯನ್ನೇ ಹಿಡಿಯುತ್ತದೆ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಮಹದೇವಪುರದ ಕಡೆ ದೊಡ್ಡ ದೊಡ್ಡ ಮನೆಗಳಿಗೂ ನೀರು ನುಗ್ಗಿದ್ದನ್ನು ಎಲ್ಲರೂ ನೋಡಿದ್ದಾರೆ. ಅಕ್ಕಪಕ್ಕದ ಕಾಂಪೌಂಡು ಗೋಡೆಗಳಲ್ಲಿ ಒಂದೇ ಮಟ್ಟದಲ್ಲಿ ಕೆಸರಿನ ಗೆರೆ ಇದೆಯೇ? ಇದ್ದರೆ ಅದು ಮಳೆಯೇ ಬರೆದಿಟ್ಟ ಅಳತೆ.

ವಿದ್ಯುತ್ತು ಮತ್ತು ಸದ್ದು

ಹಳೆಯ ಮನೆಯಲ್ಲಿ ಮುಖ್ಯವಾಗಿ ನೋಡಬೇಕಾದದ್ದು ವೈರಿಂಗು. ಹಿಂದಿನ ತಿಂಗಳ ವಿದ್ಯುತ್ ಬಿಲ್ಲು ಕೇಳಿ. ಅದರಲ್ಲಿ ಮಂಜೂರಾದ ಲೋಡು ಎಷ್ಟು ಕಿಲೋವ್ಯಾಟ್ ಎಂದು ಅಚ್ಚಾಗಿರುತ್ತದೆ. ಬೆಳಿಗ್ಗೆ ಏಳು ಗಂಟೆಗೆ ಗೀಸರು 2000 ವ್ಯಾಟ್, ಇಂಡಕ್ಷನ್ ಒಲೆ 1800, ಇಸ್ತ್ರಿ ಪೆಟ್ಟಿಗೆ 1000 ಒಟ್ಟಿಗೆ ನಡೆದರೆ 4800 ವ್ಯಾಟ್. 230 ವೋಲ್ಟಿನಿಂದ ಭಾಗಿಸಿದರೆ ಸುಮಾರು 21 ಆಂಪಿಯರ್. ಮಂಜೂರಾದದ್ದು ಮೂರು ಕಿಲೋವ್ಯಾಟ್ ಆಗಿದ್ದರೆ ಇವನ್ನು ಸರದಿಯಲ್ಲಿ ಬಳಸಬೇಕು. ಇಲ್ಲವೇ ಲೋಡು ಹೆಚ್ಚಿಸಲು ಮನೆಯವರನ್ನು ಕೇಳಬೇಕು.

ಬೋರ್ಡಿನಲ್ಲಿ ‘ಟಿ’ ಅಥವಾ ‘ಟೆಸ್ಟ್’ ಎಂಬ ಗುಂಡಿಯಿರುವ ಸ್ವಿಚ್ಚು ಇದೆಯೇ? ವಿದ್ಯುತ್ ಸೋರಿದ ಕೂಡಲೇ ಪೂರೈಕೆ ಕಡಿಯುವ ಸಾಧನ ಅದು. ಮನೆಗಳಲ್ಲಿ ಬಳಸುವುದು 30 ಮಿಲಿಆಂಪಿಯರಿನದು. ಗುಂಡಿ ಒತ್ತಿದರೆ ಮನೆಯ ದೀಪ ಆರಬೇಕು. ಆರದಿದ್ದರೆ ಅದು ಕೆಟ್ಟಿದೆ. ಗುಂಡಿ ಒತ್ತುವ ಮೊದಲು ಮನೆಯವರಿಗೆ ಹೇಳಿ. ಬಚ್ಚಲಿನಲ್ಲಿ ಗೀಸರು ಇರುವ ಮನೆಗೆ ಈ ಸಾಧನ, ಸರಿಯಾದ ಅರ್ತಿಂಗ್ ಎರಡೂ ಇರಲೇಬೇಕು. ವೈರು, ಅರ್ತಿಂಗ್ ಪರೀಕ್ಷೆಯನ್ನು ಮಾತ್ರ ಮಕ್ಕಳು ಮಾಡಬಾರದು. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನಿಂದಲೇ ಮಾಡಿಸಬೇಕು.

ಮೀಟರು ಬೇರೆಯೇ ಇರಬೇಕು. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆ ಬಾಡಿಗೆದಾರರನ್ನೂ ಒಳಗೊಂಡಿತು. ಆದರೆ ಹಿಂದೆ ಇದ್ದವರ ಆಧಾರ್ ಜೋಡಣೆ ಆ ಮೀಟರಿಗೆ ಹಾಗೆಯೇ ಉಳಿದಿದ್ದರೆ ಹೊಸಬರಿಗೆ ತೊಡಕು. ಅದನ್ನು ಬಿಡಿಸಿದ್ದಾರೆಯೇ ಎಂದು ಮೊದಲೇ ವಿಚಾರಿಸುವುದು ಒಳ್ಳೆಯದು.

ಎರಡನೆಯ ಮನೆಯ ದೊಡ್ಡ ದೋಷ ಸದ್ದು. ವಾಸದ ಪ್ರದೇಶದಲ್ಲಿ ಹಗಲು 55, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45 ಡೆಸಿಬಲ್ ಮೀರಬಾರದೆಂದು 2000ನೇ ಇಸವಿಯ ನಿಯಮಗಳು ಹೇಳುತ್ತವೆ. ಬಸ್ಸಿನ ರಸ್ತೆಗೆ ಈ ನಿಯಮ ಗೊತ್ತಿರುವುದಿಲ್ಲ. ಸರಳ ಪರೀಕ್ಷೆ ಹೀಗಿದೆ. ಅಕ್ಕ ಓದಲು ಕೂರುವ ಮೂಲೆಯಲ್ಲಿ ಕಿಟಕಿ ತೆರೆದು ಕೂರಲಿ. ತಮ್ಮ ಆರು ಅಡಿ ದೂರ ನಿಂತು ಸಾಮಾನ್ಯ ದನಿಯಲ್ಲಿ ಹತ್ತು ವಾಕ್ಯ ಉಕ್ತಲೇಖನ ಹೇಳಲಿ. ಎಷ್ಟು ಪದ ತಪ್ಪಿತು? ರಸ್ತೆ ಬದಿಯ ಕೋಣೆಯಲ್ಲಿ ಹನ್ನೆರಡು ತಪ್ಪಿ, ಹಿಂದಿನ ಕೋಣೆಯಲ್ಲಿ ಒಂದು ತಪ್ಪಿದರೆ ಮಕ್ಕಳ ಕೋಣೆ ಯಾವುದೆಂದು ತೀರ್ಮಾನವಾದಂತೆಯೇ.

ಅಡ್ವಾನ್ಸು ಎಂಬ ಬಾಡಿಗೆ

ಈಗ ದುಡ್ಡಿನ ಲೆಕ್ಕ. ಮೊದಲ ಮನೆಗೆ ಹತ್ತು ತಿಂಗಳ ಅಡ್ವಾನ್ಸ್, 2,20,000 ರೂಪಾಯಿ. ನಿರ್ವಹಣೆಗೆ ತಿಂಗಳಿಗೆ 2,500. ಎರಡನೆಯ ಮನೆಯವರು ಐದು ತಿಂಗಳ ಅಡ್ವಾನ್ಸ್ ಸಾಕೆಂದಿದ್ದಾರೆ, 1,20,000. ನೀರಿಗೆ ತಿಂಗಳಿಗೆ 500. ಬಿಡುವಾಗ ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು ಎರಡು ಕಡೆಯೂ ಇದೆ.

ಅಡ್ವಾನ್ಸ್ ವಾಪಸು ಬರುವ ಹಣ, ಅದಕ್ಕೇಕೆ ಲೆಕ್ಕ ಎನ್ನುವವರುಂಟು. ಬ್ಯಾಂಕಿನಲ್ಲಿ ಶೇಕಡಾ 6 ಬಡ್ಡಿ ಬರುತ್ತಿತ್ತು ಎಂದು ಹಿಡಿದರೆ ಮೊದಲ ಮನೆಯಿಂದ ತಿಂಗಳಿಗೆ 1,100, ಎರಡನೆಯದರಿಂದ 600 ರೂಪಾಯಿ ಬಡ್ಡಿ ಹೋಯಿತು. ಎರಡು ವರ್ಷ ಇದ್ದರೆ ಬಣ್ಣದ ಖರ್ಚು ತಿಂಗಳಿಗೆ ಸುಮಾರು 917 ಮತ್ತು 1,000. ಎಲ್ಲ ಕೂಡಿಸಿ: ಮೊದಲ ಮನೆ 26,517, ಎರಡನೆಯದು 26,100. ಎರಡು ಸಾವಿರ ಅಗ್ಗವೆಂದುಕೊಂಡ ಮನೆಯೇ ನಾನೂರು ರೂಪಾಯಿ ದುಬಾರಿ! ಹನ್ನೊಂದು ತಿಂಗಳ ನಂತರದ ಏರಿಕೆಯನ್ನು ಇಲ್ಲಿ ಸೇರಿಸಿಲ್ಲ.

ಇನ್ನೊಂದು ಖರ್ಚು ರೂಪಾಯಿಯಲ್ಲಿ ಇಲ್ಲ. ಕಾಲೇಜಿಗೆ ಮೊದಲ ಮನೆಯಿಂದ 50 ನಿಮಿಷ, ಎರಡನೆಯದರಿಂದ 20 ನಿಮಿಷ ಎನ್ನೋಣ. ಹೋಗುವಾಗ ಬರುವಾಗ ಸೇರಿ ದಿನಕ್ಕೆ ಒಂದು ಗಂಟೆ ವ್ಯತ್ಯಾಸ. ವರ್ಷಕ್ಕೆ 200 ದಿನವೆಂದರೂ ಎರಡು ವರ್ಷದಲ್ಲಿ 400 ಗಂಟೆ. ದಿನಕ್ಕೆ ನಾಲ್ಕು ಗಂಟೆ ಓದುವ ಹುಡುಗಿಗೆ ಅದು ನೂರು ದಿನದ ಓದು. ತಂದೆ ನೋಟ್‌ಬುಕ್ಕಿನ ಆ ಸಾಲನ್ನು ಎರಡು ಸಲ ಓದಿ ಸುಮ್ಮನಾಗುತ್ತಾರೆ.

ಕರಾರು ಪತ್ರ ಹನ್ನೊಂದು ತಿಂಗಳಿಗೇ ಏಕೆ ಎಂದು ಮಕ್ಕಳು ಕೇಳಬಹುದು. 1908ರ ನೋಂದಣಿ ಕಾಯಿದೆಯ 17ನೇ ಕಲಮಿನ ಪ್ರಕಾರ ವರ್ಷದಿಂದ ವರ್ಷಕ್ಕೆ ಅಥವಾ ಒಂದು ವರ್ಷ ಮೀರಿದ ಅವಧಿಗೆ ಮಾಡಿಕೊಂಡ ಗೇಣಿ ಪತ್ರವನ್ನು ನೋಂದಾಯಿಸಲೇಬೇಕು. ಆ ಖರ್ಚು, ಓಡಾಟ ತಪ್ಪಿಸಲು ಹನ್ನೊಂದು ತಿಂಗಳು. 1999ರ ಕರ್ನಾಟಕ ಬಾಡಿಗೆ ಕಾಯಿದೆ ಒಂದಿದೆಯಾದರೂ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳನ್ನು ಅದರಿಂದ ಹೊರಗಿಟ್ಟರು. ಕೇಂದ್ರ ಸರ್ಕಾರ 2021ರಲ್ಲಿ ಒಂದು ಮಾದರಿ ಬಾಡಿಗೆ ಕಾಯಿದೆ ರೂಪಿಸಿ, ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಪಡೆಯಬಾರದೆಂದಿತು. ಆದರೆ ಅದು ಮಾದರಿ ಮಾತ್ರ. ರಾಜ್ಯವೊಂದು ತನ್ನ ಕಾನೂನಾಗಿ ಮಾಡಿಕೊಂಡಲ್ಲಿ ಮಾತ್ರ ಬಲ. ಹೀಗಾಗಿ ಸಾಮಾನ್ಯ ಬಾಡಿಗೆದಾರರ ಕೈಯಲ್ಲಿ ಉಳಿಯುವ ಬಲವೆಂದರೆ ಕರಾರು ಪತ್ರದಲ್ಲಿ ಬರೆದ ಮಾತು. ಅಡ್ವಾನ್ಸ್ ಎಷ್ಟು ದಿನದೊಳಗೆ ವಾಪಸು, ಬಣ್ಣಕ್ಕೆ ಎಷ್ಟು, ಏರಿಕೆ ಶೇಕಡಾ ಎಷ್ಟು, ಟ್ಯಾಂಕರಿನ ದುಡ್ಡು ಯಾರದು, ಬಿಡಲು ಎಷ್ಟು ತಿಂಗಳ ಮುಂಚೆ ಹೇಳಬೇಕು, ಈ ಐದೂ ಅದರಲ್ಲಿ ಇರಬೇಕು. ಅಡ್ವಾನ್ಸನ್ನು ನಗದಾಗಿ ಕೊಡದೆ ಬ್ಯಾಂಕಿನ ಮೂಲಕವೇ ಕೊಡಿ.

ಕೀಲಿ ಕೈಗೆ ಬಂದ ದಿನ

ನಮ್ಮ ಕುಟುಂಬ ಎರಡನೆಯ ಮನೆಯನ್ನು ಆರಿಸಿಕೊಂಡಿತು. ಅದರ ನೀರು ಹೆಚ್ಚು ಗಡಸು, ಮುಂದಿನ ಕೋಣೆಯಲ್ಲಿ ಸದ್ದು. ಎರಡೂ ಗೊತ್ತಿದ್ದೇ ಒಪ್ಪಿಕೊಂಡದ್ದು. ಮಕ್ಕಳಿಗೆ ಹಿಂದಿನ ಕೋಣೆ, ತಂದೆ ತಾಯಿಗೆ ರಸ್ತೆ ಬದಿಯದು. ಟೆಸ್ಟ್ ಗುಂಡಿ ಕೆಲಸ ಮಾಡದ್ದನ್ನು ತೋರಿಸಿದಾಗ ಮನೆಯವರು ‘ಇಷ್ಟು ದಿನ ಯಾರೂ ಹೇಳಿರಲಿಲ್ಲಮ್ಮ’ ಎಂದು ಕೀಲಿ ಕೊಡುವ ಮೊದಲೇ ಸರಿ ಮಾಡಿಸಿಕೊಟ್ಟರು. ಅಳತೆ ಇಟ್ಟುಕೊಂಡು ಮಾತಾಡಿದರೆ ಅನೇಕ ಸಲ ಜಗಳದ ಅಗತ್ಯವೇ ಬೀಳುವುದಿಲ್ಲ. ಮನೆಯವರನ್ನು ಅನುಮಾನಿಸುವುದು ಇದರ ಉದ್ದೇಶವಲ್ಲ. ಅವರಿಗೂ ತಮ್ಮ ಮನೆಯ ಎಷ್ಟೋ ಸಂಗತಿ ಗೊತ್ತಿರುವುದಿಲ್ಲ.

ನೀವು ಬೇರೆ ಅಂಕಿ ಹಾಕಿದರೆ ಮೊದಲ ಮನೆಯೇ ಗೆಲ್ಲಬಹುದು. ಕಾಲೇಜು ನಾಗರಬಾವಿಯಲ್ಲಿದ್ದರೆ, ಕಿಟಕಿ ಪೂರ್ವಕ್ಕಿದ್ದರೆ ಉತ್ತರ ತಿರುವುಮುರುವು. ಎಲ್ಲ ಪರೀಕ್ಷೆಯಲ್ಲೂ ಪಾಸಾಗುವ ಮನೆ ಮಧ್ಯಮ ವರ್ಗದ ಬಾಡಿಗೆಗೆ ಸಿಗುವುದು ಕಷ್ಟ. ಯಾವ ಕೊರತೆಯನ್ನು ಸಹಿಸಬಹುದು, ಯಾವುದನ್ನು ಸಹಿಸಲಾಗದು ಎಂಬುದನ್ನು ಮನೆಮಂದಿಯೆಲ್ಲ ಕೂತು, ಹಣ ಕೊಡುವ ಮೊದಲು ತೀರ್ಮಾನಿಸಬೇಕು.

ವಿದ್ಯಾರ್ಥಿಗಳಿಗೆ ಕೊನೆಯದೊಂದು ಕೆಲಸ ಉಳಿಯುತ್ತದೆ. ಕೀಲಿ ಬಂದ ದಿನ, ಸಾಮಾನು ಇಳಿಸುವ ಮೊದಲು, ಮೀಟರಿನ ಅಂಕಿ ಬರೆದುಕೊಳ್ಳಿ. ಗೋಡೆಯ ಬಿರುಕು, ಒಡೆದ ಟೈಲು, ಸೋರುವ ನಲ್ಲಿ, ಕೆಟ್ಟ ಫ್ಯಾನು ಒಂದೊಂದರ ಫೋಟೋ ತೆಗೆದು ಪಟ್ಟಿ ಮಾಡಿ. ಎರಡು ಪ್ರತಿ ಬರೆದು, ಒಂದಕ್ಕೆ ಮನೆಯವರ ಸಹಿ ಪಡೆದು ಅಪ್ಪನ ಕೈಗೆ ಕೊಡಿ. ಎರಡು ವರ್ಷದ ನಂತರ ಮನೆ ಬಿಡುವ ದಿನ, ಅಡ್ವಾನ್ಸಿನಲ್ಲಿ ಎಷ್ಟು ಮುರಿಯಬೇಕೆಂಬ ಮಾತು ಬಂದಾಗ, ಆ ಹಾಳೆಯನ್ನು ತೆಗೆದು ಮೇಜಿನ ಮೇಲೆ ಇಟ್ಟರೆ ಸಾಕು.